ಕಳೆದುಹೋದ ಇಪಿಸಿ: ಬ್ರಿಟನ್ನಿನ ಮನೆಗಳ ಇಂಧನ ಪ್ರಮಾಣಪತ್ರ ಎಲ್ಲಿರುತ್ತದೆ, ಹುಡುಕಿದರೂ ಸಿಗದಿದ್ದರೆ ಏಕೆ

ಇಂಗ್ಲೆಂಡಿನಲ್ಲೋ ವೇಲ್ಸಿನಲ್ಲೋ ಮನೆ ಕೊಂಡವರು ಕೆಲವು ವರ್ಷಗಳ ನಂತರ ಅದನ್ನು ಮಾರಲು ಹೊರಟಾಗ, ಬಾಡಿಗೆಗೆ ಕೊಡಲು ಏಜೆಂಟರ ಬಳಿ ಹೋದಾಗ, ಇಲ್ಲವೇ ಗೃಹಸಾಲವನ್ನು ಕಡಿಮೆ ಬಡ್ಡಿಯ ‘ಗ್ರೀನ್ ಮಾರ್ಟ್‌ಗೇಜ್’ಗೆ ಬದಲಾಯಿಸಿಕೊಳ್ಳಲು ಯೋಚಿಸಿದಾಗ ಕೇಳಿಬರುವ ಮೊದಲ ಪ್ರಶ್ನೆಗಳಲ್ಲಿ ‘ಇಪಿಸಿ ಇದೆಯೇ?’ ಎಂಬುದೂ ಒಂದು. ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್, ಎಂದರೆ ಮನೆಯ ಇಂಧನ ದಕ್ಷತೆಯನ್ನು ಅಳೆದು ‘ಎ’ಯಿಂದ ‘ಜಿ’ವರೆಗಿನ ಒಂದು ದರ್ಜೆ ಕೊಡುವ ಪ್ರಮಾಣಪತ್ರ, ಮನೆ ಕೊಂಡಾಗ ಬಂದ ಕಾಗದಗಳ ಕಟ್ಟಿನಲ್ಲಿ ಇದ್ದ ನೆನಪಿರುತ್ತದೆ, ಈಗ ಕೈಗೆ ಸಿಗುವುದಿಲ್ಲ. ಸಾಲಿಸಿಟರರಿಗೆ ಇಮೇಲ್ ಬರೆದು ಉತ್ತರಕ್ಕಾಗಿ ವಾರಗಟ್ಟಲೆ ಕಾಯುವವರೂ, ಇನ್ನೊಮ್ಮೆ ಹಣ ಕೊಟ್ಟು ಹೊಸದನ್ನೇ ಮಾಡಿಸಿಬಿಡುವವರೂ ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಈ ಎರಡೂ ಅನಗತ್ಯ.

ಕಾರಣ ಸರಳವಾಗಿದೆ. ಇಪಿಸಿಯ ಮೂಲಪ್ರತಿ ಯಾರ ಮನೆಯ ಕಪಾಟಿನಲ್ಲಿಯೂ ಇರುವುದಿಲ್ಲ; ಸರ್ಕಾರದ ನೋಂದಣಿ ಪುಸ್ತಕದಲ್ಲಿ ಆ ಮನೆಯ ವಿಳಾಸಕ್ಕೆ ಎದುರಾಗಿ ಇರುವ ದಾಖಲೆಯೇ ನಿಜವಾದ ಪ್ರಮಾಣಪತ್ರ, ನಮ್ಮ ಕೈಯಲ್ಲಿದ್ದದ್ದು ಅದರ ಮುದ್ರಿತ ಪ್ರತಿ ಮಾತ್ರ. ನಮ್ಮಲ್ಲಿ ಮೂಲ ಕ್ರಯಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ ಎಂದು ಅಲೆಯಬೇಕಾಗುತ್ತದೆ. ಆದರೆ ಋಣಭಾರ ಪ್ರಮಾಣಪತ್ರ ಕಳೆದರೆ ಉಪನೋಂದಣಿ ಕಚೇರಿಯ ದಾಖಲೆಯಿಂದ ಇನ್ನೊಂದನ್ನು ತೆಗೆಸಿಕೊಳ್ಳುತ್ತೇವೆ, ಅಷ್ಟೆ. ಇಪಿಸಿ ಈ ಎರಡನೆಯ ಜಾತಿಗೆ ಸೇರಿದ್ದು. ಆದ್ದರಿಂದ ಇಪಿಸಿ ಕಳೆದಿದೆ ಎಂದಾಗ ಕೇಳಿಕೊಳ್ಳಬೇಕಾದದ್ದು ಕಾಗದ ಎಲ್ಲಿ ಹೋಯಿತು ಎಂದಲ್ಲ, ನೋಂದಣಿಯಲ್ಲಿ ನಮ್ಮ ಮನೆ ಯಾವ ವಿಳಾಸದಲ್ಲಿ ದಾಖಲಾಗಿದೆ ಎಂದು.

ಹುಡುಕುವ ಮುನ್ನ, ಆ ಮನೆಗೆ ಇಪಿಸಿ ಎಂದಾದರೂ ಆಗಿತ್ತೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಈ ವ್ಯವಸ್ಥೆಯ ಇತಿಹಾಸ ಸ್ವಲ್ಪ ತಿಳಿದಿರಬೇಕು. ಕಟ್ಟಡಗಳ ಇಂಧನ ದಕ್ಷತೆಯ ಬಗ್ಗೆ ಐರೋಪ್ಯ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನ ಇದರ ಬೇರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರ ಆಗಸ್ಟ್ 1ರಿಂದ, ಮಾರಾಟಕ್ಕಿಡುವ ನಾಲ್ಕು ಅಥವಾ ಹೆಚ್ಚು ಮಲಗುವ ಕೋಣೆಗಳ ಮನೆಗಳಿಗೆ ‘ಹೋಮ್ ಇನ್ಫರ್ಮೇಷನ್ ಪ್ಯಾಕ್’ ಎಂಬ ದಾಖಲೆಗಳ ಕಟ್ಟಿನ ಭಾಗವಾಗಿ ಇದು ಕಡ್ಡಾಯವಾಯಿತು. ಅದೇ ವರ್ಷದ ಡಿಸೆಂಬರಿನ ಹೊತ್ತಿಗೆ ಮಾರಾಟವಾಗುವ ಎಲ್ಲ ಗಾತ್ರದ ಮನೆಗಳಿಗೂ, 2008ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಗಳಿಗೂ ಅದು ವಿಸ್ತರಿಸಿತು. 2010ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಆ ಕಟ್ಟನ್ನು ಕೈಬಿಟ್ಟರೂ ಅದರೊಳಗಿದ್ದ ಇಪಿಸಿಯನ್ನು ಮಾತ್ರ ಉಳಿಸಿಕೊಂಡಿತು. ಹೀಗಾಗಿ 2005ರಲ್ಲಿ ಮನೆ ಕೊಂಡು ಅಂದಿನಿಂದ ಅಲ್ಲೇ ವಾಸಿಸುತ್ತಿರುವ ಕುಟುಂಬದ ಬಳಿ ಇಪಿಸಿ ಇಲ್ಲದಿರುವುದೇ ಸಹಜ. ಅದು ಕಳೆದದ್ದಲ್ಲ, ಹುಟ್ಟಿಯೇ ಇಲ್ಲ. ಆದರೂ ಇದಕ್ಕೆ ಅಪವಾದಗಳಿವೆ. 2012ರ ಏಪ್ರಿಲ್ ನಂತರ ಛಾವಣಿಗೆ ಸೌರ ಫಲಕ ಹಾಕಿಸಿ ಸರ್ಕಾರದ ‘ಫೀಡ್-ಇನ್ ಟ್ಯಾರಿಫ್’, ಎಂದರೆ ಉತ್ಪಾದಿಸಿದ ವಿದ್ಯುತ್ತಿಗೆ ಸಿಗುವ ಹಣ, ಪಡೆದವರಿಗೆ, ಪೂರ್ಣ ದರ ಸಿಗಬೇಕಾದರೆ ಮನೆ ಕನಿಷ್ಠ ‘ಡಿ’ ದರ್ಜೆಯಲ್ಲಿದೆ ಎಂದು ಇಪಿಸಿಯ ಮೂಲಕ ತೋರಿಸುವ ನಿಯಮವಿತ್ತು. ಮನೆಯ ಇಂಧನ ಸುಧಾರಣೆಗೆ ಸಾಲ ಒದಗಿಸಲು 2013ರಲ್ಲಿ ಆರಂಭವಾದ ‘ಗ್ರೀನ್ ಡೀಲ್’ ಯೋಜನೆಯಡಿ ತಪಾಸಣೆ ಮಾಡಿಸಿಕೊಂಡವರ ಮನೆಗೂ ಇಪಿಸಿ ಆಗಿರುತ್ತದೆ. ಮಾಲೀಕರೇ ಮರೆತಿರುವ ಇಂಥ ಪ್ರಮಾಣಪತ್ರಗಳು ನೋಂದಣಿಯಲ್ಲಿ ಇರಬಹುದು.

ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿಗೆ ಒಂದೇ ಹುಡುಕಾಟದ ವ್ಯವಸ್ಥೆ ಇದೆ. 2020ರ ಸೆಪ್ಟೆಂಬರಿನವರೆಗೆ ಇದನ್ನು ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಯೊಂದು ನಡೆಸುತ್ತಿತ್ತು. ಆಮೇಲೆ ವಸತಿ ಸಚಿವಾಲಯ ಅದನ್ನು ಸರ್ಕಾರದ ಗವ್.ಯುಕೆ (GOV.UK) ಜಾಲತಾಣಕ್ಕೆ ತಂದುಕೊಂಡಿತು. ಆದ್ದರಿಂದ ಹಳೆಯ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುವ ಜಾಲತಾಣದ ವಿಳಾಸವನ್ನು ನಂಬಿಕೊಂಡು ಹೋಗುವ ಬದಲು, ಗವ್.ಯುಕೆಯಲ್ಲಿ ‘ಫೈಂಡ್ ಆ್ಯನ್ ಎನರ್ಜಿ ಸರ್ಟಿಫಿಕೇಟ್’ ಎಂಬ ಸೇವೆಯನ್ನು ನೇರವಾಗಿ ತೆರೆಯುವುದು ಸರಿ. ಅಲ್ಲಿ ಮೂರು ದಾರಿಗಳಿವೆ: ಪೋಸ್ಟ್‌ಕೋಡ್ ಕೊಟ್ಟು ಹುಡುಕುವುದು, ಬೀದಿ ಮತ್ತು ಊರಿನ ಹೆಸರು ಕೊಟ್ಟು ಹುಡುಕುವುದು, ಪ್ರಮಾಣಪತ್ರದ ಸಂಖ್ಯೆ ಗೊತ್ತಿದ್ದರೆ ಅದರಿಂದಲೇ ಹುಡುಕುವುದು. ಆ ಸಂಖ್ಯೆ ಇಪ್ಪತ್ತು ಅಂಕಿಗಳದ್ದು, ನಾಲ್ಕು ನಾಲ್ಕರ ಐದು ಗುಂಪುಗಳಾಗಿ ನಡುವೆ ಅಡ್ಡಗೆರೆಗಳೊಂದಿಗೆ ಇರುತ್ತದೆ. ಹಳೆಯ ಪ್ರತಿಗಳಲ್ಲಿ ಅದನ್ನೇ ‘ರೆಫರೆನ್ಸ್ ನಂಬರ್’ ಎಂದು ಬರೆದಿರುವುದುಂಟು.

ಈ ಹುಡುಕಾಟಕ್ಕೆ ಖಾತೆ ತೆರೆಯಬೇಕಿಲ್ಲ, ನೀವು ಮಾಲೀಕರೆಂದು ಸಾಬೀತುಪಡಿಸಬೇಕಿಲ್ಲ, ಹಣವನ್ನಂತೂ ಕೊಡಲೇಬಾರದು. ಇಪಿಸಿಯ ಪ್ರತಿ ಕೊಡುತ್ತೇವೆಂದು ಶುಲ್ಕ ಕೇಳುವ ಜಾಲತಾಣ ಎದುರಾದರೆ ಅದನ್ನು ಬಿಟ್ಟು ಸರ್ಕಾರಿ ಪುಟಕ್ಕೆ ಹೋಗಿ. ನೋಂದಣಿ ಸಾರ್ವಜನಿಕವಾದ್ದರಿಂದ, ಲಂಡನ್ನಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಮರಳಿದವರು ಅಲ್ಲಿಂದಲೇ ತಮ್ಮ ಮನೆಯ ಇಪಿಸಿ ನೋಡಬಹುದು. ಉನ್ನತ ವ್ಯಾಸಂಗಕ್ಕೆ ಹೊರಟ ಮಗಳು ಆರಿಸಿಕೊಂಡ ಬಾಡಿಗೆ ಫ್ಲಾಟಿನಲ್ಲಿ ಚಳಿಗಾಲದ ಹೀಟಿಂಗ್ ಖರ್ಚು ಎಷ್ಟಾದೀತು ಎಂದು ಮೈಸೂರಿನಲ್ಲಿ ಕುಳಿತ ತಂದೆತಾಯಿಗಳೂ ಅಂದಾಜು ಮಾಡಬಹುದು. ಈ ಎರಡನೆಯ ಉಪಯೋಗವನ್ನು ನಮ್ಮವರು ಇನ್ನೂ ಹೆಚ್ಚು ಮಾಡಿಕೊಳ್ಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪೋಸ್ಟ್‌ಕೋಡ್ ಕೊಟ್ಟೊಡನೆ ಆ ಪೋಸ್ಟ್‌ಕೋಡಿಗೆ ಸೇರಿದ ವಿಳಾಸಗಳ ಪಟ್ಟಿ ತೆರೆದುಕೊಳ್ಳುತ್ತದೆ. ಪ್ರತಿ ವಿಳಾಸದ ಎದುರು ದರ್ಜೆಯ ಅಕ್ಷರವೂ ಅವಧಿ ಮುಗಿಯುವ ದಿನಾಂಕವೂ ಇರುತ್ತವೆ. ಬ್ರಿಟನ್ನಿನ ಒಂದು ಪೋಸ್ಟ್‌ಕೋಡ್ ಸರಾಸರಿ ಹದಿನೈದು ವಿಳಾಸಗಳನ್ನಷ್ಟೇ ಒಳಗೊಳ್ಳುವುದರಿಂದ ಸ್ವತಂತ್ರ ಮನೆಯಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ತೊಡಕು ಬರುವುದು ಫ್ಲಾಟುಗಳಲ್ಲಿ. ನೂರು ನೂರಿಪ್ಪತ್ತು ವರ್ಷ ಹಳೆಯದಾದ ಒಂದು ದೊಡ್ಡ ಮನೆಯನ್ನು ಮೂರು ಫ್ಲಾಟುಗಳಾಗಿ ಒಡೆದಿದ್ದಾರೆ ಎಂದುಕೊಳ್ಳೋಣ. ಅಂಚೆ ಬರುವುದು ‘18ಎ’ ಎಂಬ ವಿಳಾಸಕ್ಕೆ, ಸ್ಥಳೀಯ ಆಡಳಿತದ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸಿನ ಬಿಲ್ಲಿನಲ್ಲಿರುವುದು ‘ಗ್ರೌಂಡ್ ಫ್ಲೋರ್ ಫ್ಲಾಟ್, 18’, ಕ್ರಯದ ಕಾಗದಗಳಲ್ಲಿ ಬರೆದಿರುವುದು ‘ಫ್ಲಾಟ್ 1, 18’. ತಪಾಸಣೆಗೆ ಬಂದವರು ಈ ಮೂರರಲ್ಲಿ ಯಾವುದನ್ನು ಬರೆದುಕೊಂಡರೋ ಇಪಿಸಿ ಆ ಹೆಸರಿನಲ್ಲೇ ನೋಂದಣಿಯಾಗಿರುತ್ತದೆ. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆಯವರು ಬಂದಿದ್ದರೆ ಒಂದೇ ಫ್ಲಾಟು ಪಟ್ಟಿಯಲ್ಲಿ ಎರಡು ಹೆಸರುಗಳಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇಂಥಲ್ಲಿ ವಿಳಾಸದ ಸಾಲನ್ನು ಮಾತ್ರ ನೋಡಿ ತೀರ್ಮಾನಿಸದೆ, ಅನುಮಾನ ಬಂದ ಪ್ರತಿ ಪ್ರಮಾಣಪತ್ರವನ್ನೂ ತೆರೆದು ಎರಡು ವಿವರಗಳನ್ನು ತಾಳೆ ನೋಡಬೇಕು. ಮೊದಲನೆಯದು ಮನೆಯ ಬಗೆ: ನೆಲಮಹಡಿಯ ಫ್ಲಾಟೋ, ನಡುಮಹಡಿಯದೋ, ಮೇಲಿನದೋ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಎರಡನೆಯದು ಒಟ್ಟು ವಿಸ್ತೀರ್ಣ, ಚದರ ಮೀಟರ್‌ಗಳಲ್ಲಿ. ನಿಮ್ಮದು 52 ಚದರ ಮೀಟರಿನ ನೆಲಮಹಡಿಯ ಫ್ಲಾಟಾಗಿದ್ದು ತೆರೆದ ಪ್ರಮಾಣಪತ್ರ 78 ಚದರ ಮೀಟರಿನ ಮೇಲಿನ ಮಹಡಿಯದನ್ನು ವರ್ಣಿಸುತ್ತಿದ್ದರೆ ಅದು ನೆರೆಯವರದು. ಅದನ್ನು ನಿಮ್ಮದೆಂದು ಬ್ಯಾಂಕಿಗೆ ಕಳಿಸಿದರೆ ಮುಂದೆ ತೊಂದರೆ ತಪ್ಪಿದ್ದಲ್ಲ.

ಹೊಸದಾಗಿ ಕಟ್ಟಿದ ಬಡಾವಣೆಗಳಲ್ಲಿ ತೊಡಕಿನ ಸ್ವರೂಪ ಬೇರೆ. ಮನೆ ಏಳುತ್ತಿರುವಾಗ ಅದಕ್ಕೆ ಬೀದಿಯ ಸಂಖ್ಯೆ ಇರುವುದಿಲ್ಲ. ಬಿಲ್ಡರ್ ಅದನ್ನು ‘ಪ್ಲಾಟ್ 12’ ಎಂದು ಕರೆಯುತ್ತಾರೆ. ಆ ಹೆಸರಿನಲ್ಲೇ ಇಪಿಸಿ ದಾಖಲಾಗಿದ್ದರೆ ಇಂದಿನ ಮನೆ ಸಂಖ್ಯೆಯಿಂದ ಹುಡುಕಿದಾಗ ಅದು ಸಿಗದೆ ಹೋಗಬಹುದು. ಇಂಥವರು ಪೋಸ್ಟ್‌ಕೋಡನ್ನು ಬದಿಗಿಟ್ಟು ಬೀದಿ ಮತ್ತು ಊರಿನ ಹೆಸರಿನಿಂದ ಹುಡುಕಬೇಕು, ಪ್ಲಾಟ್ ಸಂಖ್ಯೆಯನ್ನು ಕ್ರಯದ ಕರಾರಿನಲ್ಲಿ ನೋಡಿ ಗುರುತಿಸಿಕೊಳ್ಳಬೇಕು. ಇನ್ನೂ ಒಂದು ಮಾತು: ಕಟ್ಟುವ ಮೊದಲೇ ಮನೆ ಕಾಯ್ದಿರಿಸಿದವರಿಗೆ ಆಗ ಕೊಟ್ಟಿರುವುದು ನಕ್ಷೆಯ ಆಧಾರದ ಮೇಲೆ ಮಾಡಿದ ‘ಪ್ರಿಡಿಕ್ಟೆಡ್ ಎನರ್ಜಿ ಅಸೆಸ್‌ಮೆಂಟ್’ ಮಾತ್ರ. ನೋಡಲು ಅದೇ ಬಣ್ಣದ ಪಟ್ಟಿಗಳಿದ್ದರೂ ಅದು ಇಪಿಸಿ ಅಲ್ಲ, ನೋಂದಣಿಯಲ್ಲಿ ಇರುವುದೂ ಇಲ್ಲ. ನಿಜವಾದ ಇಪಿಸಿ ಮನೆ ಪೂರ್ಣಗೊಂಡ ಮೇಲೆ ಆಗುತ್ತದೆ, ಅದನ್ನು ಕೊಡುವ ಹೊಣೆ ಕಟ್ಟಿದವರದು.

ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಯನ್ನಷ್ಟೇ ಬಾಡಿಗೆಗೆ ಪಡೆದಿರುವ ವಿದ್ಯಾರ್ಥಿಗಳು ತಮ್ಮ ಕೋಣೆಯ ಇಪಿಸಿ ಹುಡುಕಿ ಪ್ರಯೋಜನವಿಲ್ಲ; ಕೋಣೆಗೊಂದು ಇಪಿಸಿ ಇರುವುದಿಲ್ಲ, ಇದ್ದರೆ ಇಡೀ ಮನೆಗೆ ಇರುತ್ತದೆ. ಇವೆಲ್ಲದರ ಹೊರತಾಗಿ, ಮಾಲೀಕರು ಕೋರಿಕೊಂಡರೆ ಪ್ರಮಾಣಪತ್ರವನ್ನು ಸಾರ್ವಜನಿಕ ಹುಡುಕಾಟದಿಂದ ಮರೆಯಾಗಿಡುವ ಅವಕಾಶವೂ ಇದೆ. ಹಿಂದಿನ ಮಾಲೀಕರು ಹಾಗೆ ಮಾಡಿದ್ದಾರೆಂಬ ಸಂದೇಹವಿದ್ದರೆ ನೋಂದಣಿಯ ಸಹಾಯ ವಿಭಾಗಕ್ಕೆ ಬರೆಯಬೇಕಾಗುತ್ತದೆ. ಹಾಗೆಯೇ ಮನೆ ಮಾರಾಟದ ಅಥವಾ ಬಾಡಿಗೆಯ ಜಾಹೀರಾತಿನಲ್ಲಿ ದರ್ಜೆಯನ್ನು ತೋರಿಸುವುದು ಕಡ್ಡಾಯವಾದ್ದರಿಂದ, ನೀವು ಮನೆ ಕೊಂಡಾಗಿನ ಹಳೆಯ ಜಾಹೀರಾತು ಇಮೇಲಿನಲ್ಲಿ ಉಳಿದಿದ್ದರೆ ಇಪಿಸಿ ಆಗಿತ್ತು ಎಂಬುದಕ್ಕೆ ಅದೇ ಸುಳಿವು.

ಸ್ಕಾಟ್ಲೆಂಡಿನ ಮನೆಗಳನ್ನು ಮೇಲಿನ ಸೇವೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ‘ಸ್ಕಾಟಿಷ್ ಇಪಿಸಿ ರಿಜಿಸ್ಟರ್’ ಎಂಬ ಬೇರೆಯೇ ನೋಂದಣಿ ಇದ್ದು, ಅಲ್ಲಿನ ಸರ್ಕಾರದ ಪರವಾಗಿ ಎನರ್ಜಿ ಸೇವಿಂಗ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಪೋಸ್ಟ್‌ಕೋಡಿನಿಂದಲೂ ಪ್ರಮಾಣಪತ್ರದ ಸಂಖ್ಯೆಯಿಂದಲೂ ಹುಡುಕಬಹುದು. ಸ್ಕಾಟ್ಲೆಂಡಿನಲ್ಲಿ ಇನ್ನೆರಡು ಅನುಕೂಲಗಳಿವೆ. ಅಲ್ಲಿ ಇಪಿಸಿಯನ್ನು ಮನೆಯೊಳಗೇ, ಉದಾಹರಣೆಗೆ ಮೀಟರ್ ಇರುವ ಗೂಡಿನಲ್ಲಿ ಅಥವಾ ನೀರು ಕಾಯಿಸಿ ಮನೆಯನ್ನು ಬೆಚ್ಚಗಿಡುವ ಬಾಯ್ಲರಿನ ಪಕ್ಕದಲ್ಲಿ, ಅಂಟಿಸಿರಬೇಕೆಂಬ ನಿಯಮವಿದೆ. ಆದ್ದರಿಂದ ಕಂಪ್ಯೂಟರ್ ತೆರೆಯುವ ಮುಂಚೆ ಬಾಯ್ಲರ್ ಕಪಾಟಿನ ಬಾಗಿಲು ತೆರೆಯಿರಿ. ಅಲ್ಲದೆ 2008ರ ಡಿಸೆಂಬರಿನಿಂದ ಮನೆ ಮಾರುವವರು ಸಿದ್ಧಪಡಿಸಬೇಕಾದ ‘ಹೋಮ್ ರಿಪೋರ್ಟ್’ನಲ್ಲಿ ಇಂಧನ ವರದಿಯೂ ಒಂದು ಭಾಗವಾಗಿರುವುದರಿಂದ, ಆ ವರದಿಯ ಪಿಡಿಎಫ್ ಇದ್ದರೆ ಇಪಿಸಿಯೂ ಅದರೊಳಗಿರುತ್ತದೆ.

ಐರ್ಲೆಂಡ್ ಗಣರಾಜ್ಯ ಬೇರೆ ದೇಶ, ಅಲ್ಲಿನ ಪ್ರಮಾಣಪತ್ರವೂ ಬೇರೆ. ಆದರೆ ಡಬ್ಲಿನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಬ್ರಿಟನ್ನಿನ ಜಾಲತಾಣದಲ್ಲಿ ಹುಡುಕಿ ನಿರಾಶರಾಗಬಾರದೆಂದು ಇಲ್ಲಿ ಹೇಳುತ್ತಿದ್ದೇನೆ. ಅಲ್ಲಿ ಅದರ ಹೆಸರು ಬಿಇಆರ್ (ಬಿಲ್ಡಿಂಗ್ ಎನರ್ಜಿ ರೇಟಿಂಗ್). ನೋಂದಣಿಯನ್ನು ಎಸ್‌ಇಎಐ ಎಂಬ ಸರ್ಕಾರಿ ಸಂಸ್ಥೆ ಇಟ್ಟುಕೊಂಡಿದೆ. ಹುಡುಕಲು ಬಿಇಆರ್ ಸಂಖ್ಯೆ ಬೇಕು, ಇಲ್ಲದಿದ್ದರೆ ಎಂಪಿಆರ್‌ಎನ್ ಎಂಬ ಹನ್ನೊಂದು ಅಂಕಿಗಳ ವಿದ್ಯುತ್ ಸಂಪರ್ಕ ಸಂಖ್ಯೆ ಸಾಕು. ಅದು ವಿದ್ಯುತ್ ಬಿಲ್ಲಿನ ಮೇಲೆಯೇ ಇರುತ್ತದೆ.

ಇಂಗ್ಲೆಂಡಿನ ವಿಷಯಕ್ಕೆ ಮರಳೋಣ. ಇಪಿಸಿ ಸಿಕ್ಕಿತು ಎಂದು ಪ್ರತಿ ತೆಗೆದಿಟ್ಟು ಪುಟ ಮುಚ್ಚಿಬಿಡುವುದು ಸಾಮಾನ್ಯ. ಆದರೆ ಅಲ್ಲಿಂದಲೇ ನಿಜವಾದ ಕೆಲಸ ಶುರುವಾಗುತ್ತದೆ. ಮೊದಲು ಅವಧಿ. ಇಪಿಸಿ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿದದ್ದೂ ನೋಂದಣಿಯಲ್ಲಿ ಕಾಣಿಸಬಹುದು, ಆದರೆ ಹೊಸದಾಗಿ ಮಾರಲು ಅಥವಾ ಬಾಡಿಗೆಗೆ ಕೊಡಲು ಅದು ನಡೆಯುವುದಿಲ್ಲ. ಅದೇ ಮನೆಯಲ್ಲಿ ನೀವೇ ವಾಸವಾಗಿದ್ದು ಅಂಥ ಯೋಚನೆಯೇನೂ ಇಲ್ಲವಾದರೆ, ಅವಧಿ ಮುಗಿದರೂ ತಕ್ಷಣ ಏನೂ ಮಾಡಬೇಕಿಲ್ಲ.

ಆಮೇಲೆ ಅಂಕಗಳು. ದರ್ಜೆಯ ಅಕ್ಷರದ ಹಿಂದೆ ಒಂದು ಅಂಕವಿರುತ್ತದೆ: 92 ಮತ್ತು ಮೇಲ್ಪಟ್ಟರೆ ‘ಎ’, 81ರಿಂದ ‘ಬಿ’, 69ರಿಂದ ‘ಸಿ’, 55ರಿಂದ ‘ಡಿ’, 39ರಿಂದ ‘ಇ’, 21ರಿಂದ ‘ಎಫ್’, ಅದಕ್ಕಿಂತ ಕೆಳಗೆ ‘ಜಿ’. ಈ ಅಂಕವನ್ನು ನಿರ್ಧರಿಸುವುದು ಮನೆ ಎಷ್ಟು ಯೂನಿಟ್ ಇಂಧನ ಬಳಸುತ್ತದೆ ಎಂಬುದಲ್ಲ, ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ಆ ಇಂಧನಕ್ಕೆ ಎಷ್ಟು ಹಣ ಖರ್ಚಾಗುತ್ತದೆ ಎಂಬುದು. ಬ್ರಿಟನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತು ಒಂದು ಯೂನಿಟ್ ಅನಿಲಕ್ಕಿಂತ ಬಹಳ ದುಬಾರಿಯಾದ್ದರಿಂದ, ಅನಿಲದ ಬಾಯ್ಲರ್ ತೆಗೆದು ಹೊರಗಿನ ಶಾಖವನ್ನು ಒಳಗೆ ತರುವ ವಿದ್ಯುತ್ತಿನ ಹೀಟ್ ಪಂಪ್ ಹಾಕಿಸಿದ ಮನೆ ಬಳಸುವ ಇಂಧನ ಬಹಳಷ್ಟು ತಗ್ಗಿದರೂ ಅಂಕ ನಿರೀಕ್ಷಿಸಿದಷ್ಟು ಏರದಿರಬಹುದು. 68 ಅಂಕದ ‘ಡಿ’ಗೂ 69 ಅಂಕದ ‘ಸಿ’ಗೂ ಇರುವ ಅಂತರ ಒಂದೇ ಅಂಕದ್ದು, ಬ್ಯಾಂಕುಗಳು ಅಕ್ಷರಕ್ಕೆ ಕೊಡುವ ಮಹತ್ವವನ್ನು ನೆನೆದರೆ ಆ ಒಂದು ಅಂಕ ಎಲ್ಲಿ ಹೋಯಿತೆಂದು ಹುಡುಕುವುದು ವ್ಯರ್ಥವಲ್ಲ.

ಅದನ್ನು ಹುಡುಕಬೇಕಾದ ಜಾಗವೆಂದರೆ ಮನೆಯ ಅಂಗಗಳ ಕೋಷ್ಟಕ. ಗೋಡೆ, ಛಾವಣಿ, ಕಿಟಕಿ, ಹೀಟಿಂಗ್, ಬಿಸಿನೀರು, ದೀಪಗಳು, ನೆಲ, ಹೀಗೆ ಒಂದೊಂದಕ್ಕೂ ಅಲ್ಲಿ ಒಂದು ಸಾಲು ಇರುತ್ತದೆ. ಗೋಡೆಯ ಸಾಲಿನಲ್ಲಿ ‘ಕ್ಯಾವಿಟಿ ವಾಲ್ (ನಡುವೆ ಸಂದಿ ಬಿಟ್ಟು ಕಟ್ಟಿದ ಜೋಡಿ ಗೋಡೆ), ಕಟ್ಟಿದ ರೀತಿಯಲ್ಲೇ ಇದೆ, ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ವಸ್ತು) ಇಲ್ಲ’ ಎಂದು ಬರೆದು ಕೊನೆಯಲ್ಲಿ ‘ಊಹೆ’ ಎಂಬ ಅರ್ಥದ ‘ಅಸ್ಯೂಮ್ಡ್’ ಎಂಬ ಇಂಗ್ಲಿಷ್ ಪದವನ್ನು ಸೇರಿಸಿರುವುದನ್ನು ನೀವು ಕಾಣಬಹುದು. ತಪಾಸಣೆಗೆ ಬಂದವರಿಗೆ ಗೋಡೆಯೊಳಗೆ ಏನಿದೆ ಎಂದು ಕಾಣಲಿಲ್ಲ, ದಾಖಲೆಯನ್ನೂ ಯಾರೂ ತೋರಿಸಲಿಲ್ಲ, ಆದ್ದರಿಂದ ಮನೆ ಕಟ್ಟಿದ ಕಾಲದ ವಾಡಿಕೆಯನ್ನು ಆಧರಿಸಿ ಲೆಕ್ಕ ಹಾಕಿದ್ದಾರೆ ಎಂಬುದು ಅದರ ತಾತ್ಪರ್ಯ. ಹಿಂದಿನ ಮಾಲೀಕರು ಗೋಡೆಯ ನಡುವಿನ ಸಂದಿಗೆ ಇನ್ಸುಲೇಷನ್ ತುಂಬಿಸಿದ್ದರೂ ಅದರ ಖಾತರಿಪತ್ರ ಕೈಗೆ ಸಿಗದ ಒಂದೇ ಕಾರಣಕ್ಕೆ ಮನೆ ಕೆಳದರ್ಜೆಯಲ್ಲಿ ಉಳಿದುಬಿಡಬಹುದು. ಇಪಿಸಿಯ ಕಾಗದ ಕಳೆದದ್ದಕ್ಕಿಂತ ಈ ಖಾತರಿಪತ್ರ ಕಳೆದದ್ದು ದೊಡ್ಡ ನಷ್ಟ.

ಬಾಡಿಗೆಗೆ ಕೊಡುವವರಿಗೆ ಈ ಅಕ್ಷರ ಕಾನೂನಿನ ವಿಷಯವೂ ಹೌದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಏಪ್ರಿಲ್ 1ರಿಂದ ಹೊಸ ಬಾಡಿಗೆ ಕರಾರುಗಳಿಗೂ, 2020ರ ಏಪ್ರಿಲ್ 1ರಿಂದ ನಡೆಯುತ್ತಿರುವ ಕರಾರುಗಳಿಗೂ ಮನೆ ಕನಿಷ್ಠ ‘ಇ’ ದರ್ಜೆಯಲ್ಲಿರಬೇಕು; ಇಲ್ಲದಿದ್ದರೆ, ವಿನಾಯಿತಿಯನ್ನು ನೋಂದಾಯಿಸಿಕೊಳ್ಳದ ಹೊರತು, ಒಂದು ಮನೆಗೆ 5,000 ಪೌಂಡುಗಳವರೆಗೆ ದಂಡ ಬೀಳಬಹುದು. 2030ರ ಹೊತ್ತಿಗೆ ಇದನ್ನು ‘ಸಿ’ಗೆ ಏರಿಸುವ ಇರಾದೆಯನ್ನೂ ಸರ್ಕಾರ ಪ್ರಕಟಿಸಿದೆ. ಭಾರತಕ್ಕೆ ಮರಳಿ, ಮನೆಯನ್ನು ಲೆಟಿಂಗ್ ಏಜೆಂಟರ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುವವರು ತಮ್ಮ ಇಪಿಸಿಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ತಾವೇ ಒಮ್ಮೆ ನೋಡಿಟ್ಟುಕೊಳ್ಳುವುದು ಒಳಿತು, ಏಕೆಂದರೆ ನಿಯಮ ಪಾಲಿಸುವ ಹೊಣೆಯಿಂದ ಮನೆಯ ಮಾಲೀಕರು ತಪ್ಪಿಸಿಕೊಳ್ಳಲಾಗದು. ಇನ್ನು ಬಾಡಿಗೆದಾರರಿಗೆ ಇಪಿಸಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿರುವುದರಿಂದ, ಅದಕ್ಕಾಗಿ ಅವರಿಂದ ಹಣ ವಸೂಲು ಮಾಡುವಂತಿಲ್ಲ.

ಸಿಕ್ಕ ಇಪಿಸಿಯಲ್ಲಿ ತಪ್ಪಿದೆ ಎಂದು ತೋರಿದರೆ, ಉದಾಹರಣೆಗೆ ಇರುವ ಬಾಯ್ಲರನ್ನೇ ಇಲ್ಲವೆಂದು ಬರೆದಿದ್ದರೆ, ದೂರು ಕೊಡಬೇಕಾದದ್ದು ಮನೆ ಮಾರಿದ ಏಜೆಂಟರಿಗಲ್ಲ. ತಪಾಸಣೆ ಮಾಡಿದವರ ಹೆಸರು, ದೂರವಾಣಿ, ಇಮೇಲ್ ಅದೇ ಪ್ರಮಾಣಪತ್ರದ ಕೆಳಭಾಗದಲ್ಲಿರುತ್ತವೆ. ಅವರಿಗೆ ಮಾನ್ಯತೆ ನೀಡಿದ ಸಂಸ್ಥೆಯ ವಿವರವೂ ಅಲ್ಲೇ ಇರುತ್ತದೆ. ಮೊದಲು ತಪಾಸಕರಿಗೆ, ಅಲ್ಲಿ ಬಗೆಹರಿಯದಿದ್ದರೆ ಆ ಮಾನ್ಯತಾ ಸಂಸ್ಥೆಗೆ ಬರೆಯಬೇಕು.

ಎಲ್ಲ ರೀತಿಯಲ್ಲಿ ಹುಡುಕಿಯೂ ಸಿಗದಿದ್ದರೆ ಅಥವಾ ಸಿಕ್ಕದ್ದರ ಅವಧಿ ಮುಗಿದಿದ್ದರೆ ಹೊಸದನ್ನು ಮಾಡಿಸಲೇಬೇಕು. ಮಾನ್ಯತೆ ಪಡೆದ ತಪಾಸಕರನ್ನು ಹುಡುಕುವ ಸೌಲಭ್ಯವೂ ಗವ್.ಯುಕೆಯಲ್ಲೇ ಇದೆ, ಏಜೆಂಟರು ಸೂಚಿಸಿದವರನ್ನೇ ಕರೆಯಬೇಕೆಂದಿಲ್ಲ, ಶುಲ್ಕ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುವುದರಿಂದ ಇಬ್ಬರು ಮೂವರನ್ನು ವಿಚಾರಿಸುವುದು ಲಾಭ. ಅವರು ಬರುವ ಮುನ್ನ ಅಟ್ಟಕ್ಕೆ ಹತ್ತುವ ದಾರಿಯನ್ನು ತೆರವು ಮಾಡಿಟ್ಟಿರಿ, ಏಕೆಂದರೆ ಅಟ್ಟದ ಇನ್ಸುಲೇಷನ್ನಿನ ದಪ್ಪವನ್ನು ಅವರು ಅಳೆದು ನೋಡಬೇಕಾಗುತ್ತದೆ; ಇಂದು ಶಿಫಾರಸು ಮಾಡುವ ದಪ್ಪ 270 ಮಿಲಿಮೀಟರ್. ಗೋಡೆಗೆ ಇನ್ಸುಲೇಷನ್ ತುಂಬಿಸಿದ ಖಾತರಿಪತ್ರ, ಕಿಟಕಿ ಬದಲಾಯಿಸಿದಾಗ ಬಂದ ಫೆನ್ಸಾ ಪ್ರಮಾಣಪತ್ರ, ಸೌರ ಫಲಕ ಅಥವಾ ಹೀಟ್ ಪಂಪಿನ ಎಂಸಿಎಸ್ ಪ್ರಮಾಣಪತ್ರ, ಬಾಯ್ಲರಿನ ಮಾದರಿಯ ವಿವರ, ಇವನ್ನೆಲ್ಲ ಮೇಜಿನ ಮೇಲೆ ಜೋಡಿಸಿಡಿ. ‘ಮಾಡಿಸಿದ್ದೇವೆ’ ಎಂಬ ನಿಮ್ಮ ಬಾಯಿಮಾತನ್ನು ಅವರು ದಾಖಲಿಸುವಂತಿಲ್ಲ. ಕಣ್ಣಿಗೆ ಕಂಡದ್ದನ್ನು ಅಥವಾ ಕಾಗದದಲ್ಲಿ ಇರುವುದನ್ನು ಮಾತ್ರ ಬರೆದುಕೊಳ್ಳಬಹುದು.

ತಪಾಸಕರು ಹೊಸ ಇಪಿಸಿಯನ್ನು ನೋಂದಣಿಗೆ ಸೇರಿಸಿದ ಮೇಲೆ ಅದೇ ಪುಟದಲ್ಲಿ ಮನೆಯ ವಿಳಾಸವನ್ನು ಇನ್ನೊಮ್ಮೆ ಹುಡುಕಿ, ಅಂಚೆಯ ವಿಳಾಸಕ್ಕೆ ಸರಿಯಾಗಿ ತಾಳೆಯಾಗುತ್ತಿದೆಯೇ ಎಂದು ನೋಡಿಕೊಳ್ಳಿ. ತಪ್ಪಿದ್ದರೆ ತಪಾಸಕರ ನೆನಪು ಹಸಿಯಾಗಿರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ. ಹೊಸದು ಬಂದಿತೆಂದು ಹಳೆಯದು ಅಳಿಸಿಹೋಗುವುದಿಲ್ಲ. ಒಂದೇ ವಿಳಾಸದಡಿ ದಾಖಲಾಗಿದ್ದರೆ ಅದು ಹೊಸ ಪ್ರಮಾಣಪತ್ರದ ಪುಟದ ಕೆಳಗೆ, ಆ ಮನೆಯ ಇತರ ಪ್ರಮಾಣಪತ್ರಗಳ ಸಾಲಿನಲ್ಲಿ ಉಳಿದುಕೊಳ್ಳುತ್ತದೆ. ನಿಮ್ಮ ಮನೆ ಕೊಳ್ಳಲು ಬರುವವರು ಎರಡನ್ನೂ ತೆರೆದು, ನಡುವೆ ಯಾವ ಸಾಲುಗಳು ಬದಲಾಗಿವೆ ಎಂದು ಹೋಲಿಸಿ ನೋಡಬಹುದು.